ಬಂಗಲೆ ಹಿಂದಿನ ಬಾಟ್ಲಿ ಗುಂಡಿ

ನಾನು ಚಿಕ್ಕವಳಿದ್ದಾಗ ಆಸ್ಪತ್ರೆಗೆ ಹೋಗುವವರ ಕೈಯಲ್ಲಿ ಬೇರೇನೂ ಇಲ್ಲದಿದ್ದರೂ ಒಂದು ಖಾಲಿ ಬಾಟ್ಲಿ ಇರಲೇಬೇಕಿತ್ತು. ಔಷಧಿಯೆಂದರೆ ಕೆಂಪು ಬಣ್ಣದ ಕಹಿ ನೀರು. ದೊಡ್ಡ ಜಾಡಿಯಿಂದ ಅಳೆದು ನಮ್ಮ ಬಾಟ್ಲಿಗೆ ಹೊಯ್ಯುತ್ತಿದ್ದರು. ಬಾಟ್ಲಿ ತರದವರಿಗೆ ಔಷಧಿಯೂ ಇಲ್ಲ. ಮಕ್ಕಳೇ, ನಿನ್ನೆ ನೀವಿಬ್ಬರೂ ಫೋನಿನಲ್ಲಿ ಯಾರೋ ಹಳೇ ಕಸದ ಗುಂಡಿ ಅಗೆದು ಬಾಟ್ಲಿ ಹೆಕ್ಕುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಿರಲ್ಲ, ಆ ಕೆಲಸವನ್ನು ನನ್ನ ಅಕ್ಕ ಹನ್ನೆರಡನೇ ವಯಸ್ಸಿಗೇ ಮಾಡಿದ್ದಳು. ಅದೂ ಶೋಕಿಗಲ್ಲ.

ಆಗ ನಾವು ಬಾಳಗಡಿಯ ಆಚೆ ಒಂದು ಕಾಫಿ ತೋಟದಲ್ಲಿ, ಕೂಲಿಯವರ ಲೈನ್ ಮನೆಯಲ್ಲಿದ್ದೆವು. ಅಪ್ಪ ಅದೇ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದ. ಆ ವರ್ಷ ಅಮ್ಮನಿಗೆ ಚಳಿಜ್ವರ ಹಿಡಿಯಿತು. ಸುಡುಬಿಸಿಲಿನಲ್ಲೂ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಮೂರು ದಿನಕ್ಕೆಂದು ಕೊಟ್ಟ ಔಷಧಿ ಮುಗಿದಿತ್ತು, ಮತ್ತೆ ತರಬೇಕಿತ್ತು. ಅಪ್ಪ ಕೆಲಸಕ್ಕೆ ಹೋದ ಮೇಲೆ ಅಕ್ಕ ಬಾಟ್ಲಿ ತೊಳೆಯಲು ನನ್ನ ಕೈಗೆ ಕೊಟ್ಟಳು. ನನಗೋ ಎಲ್ಲದರಲ್ಲೂ ಅತಿ. ಚೆನ್ನಾಗಿ ಶುಚಿಯಾಗಲಿ ಎಂದು ಹಂಡೆಯ ಕುದಿಯುವ ನೀರನ್ನೇ ಹೊಯ್ದೆ. ಚಟ್ ಎಂದಿತು. ಬಾಟ್ಲಿಯ ತಳ ನೆಲಕ್ಕೆ ಬಿತ್ತು, ಕುತ್ತಿಗೆ ಮಾತ್ರ ನನ್ನ ಕೈಯಲ್ಲಿ ಉಳಿಯಿತು.

ಅಕ್ಕ ಅಕ್ಕಪಕ್ಕದ ಮನೆಗಳಿಗೆ ಓಡಿದಳು. ಎಲ್ಲರ ಬಾಟ್ಲಿಯಲ್ಲೂ ಸೀಮೆಎಣ್ಣೆ. ಆ ವಾಸನೆ ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಕೊಪ್ಪದ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿ ಹನ್ನೆರಡು ಗಂಟೆಗೆ ಮುಚ್ಚುತ್ತಿತ್ತು. ಅಮ್ಮನ ಹಲ್ಲು ಕಟಕಟ ಎನ್ನುವುದು ಅಂಗಳಕ್ಕೂ ಕೇಳುತ್ತಿತ್ತು. ನಾನು ಅಳಲು ಶುರು ಮಾಡಿದೆ.

“ಅತ್ರೆ ಬಾಟ್ಲಿ ಹುಟ್ತದಾ? ಬಾ ಮಾರಾಯ್ತಿ, ಬಂಗಲೆ ಹಿಂದಿನ ಗುಂಡಿಗೆ ಹೋಗಾಣ,” ಎಂದಳು ಅಕ್ಕ.

ತೋಟದ ಬಂಗಲೆಯಲ್ಲಿ ಹಿಂದೆ ಬಿಳಿ ದೊರೆಯೊಬ್ಬ ಇದ್ದನಂತೆ. ಅವನ ಅಡಿಗೆಮನೆಯ ಕಸವನ್ನೆಲ್ಲ ಹಿಂದಿನ ಗುಂಡಿಗೆ ಸುರಿಯುತ್ತಿದ್ದರಂತೆ. ನಮ್ಮ ಕಾಲಕ್ಕೆ ಅದು ತುಂಬಿ, ಮೇಲೆ ಲಂಟಾನದ ಪೊದೆ ಎದ್ದು, ಅಲ್ಲೊಂದು ಗುಂಡಿಯಿತ್ತೆಂದೇ ಗೊತ್ತಾಗುತ್ತಿರಲಿಲ್ಲ. ನಾನು ಶೂರರ ಹಾಗೆ ಗುದ್ದಲಿ ಎತ್ತಿಕೊಂಡು ಬಂದಿದ್ದೆ. ಅಕ್ಕ ಅದನ್ನು ಕಿತ್ತು ಬದಿಗಿಟ್ಟಳು.

“ಗುದ್ದಲಿ ಹಾಕಿದ್ರೆ ಬರೀ ಚೂರೇ ಸಿಗೋದು. ಗೆಣಸು ಕಿತ್ತಂಗೆ ಕೀಳ್ಬೇಕು.”

ಅಪ್ಪನ ಜೊತೆ ಕಾಡುಗೆಣಸು ಕೀಳಲು ಹೋಗಿ ಹೋಗಿ ಅವಳಿಗೆ ಆ ಕೈಚಳಕ ಬಂದಿತ್ತು. ಅಡಿಕೆ ಮರ ಸೀಳಿ ಚೂಪು ಮಾಡಿದ ದಬ್ಬೆಯನ್ನು ಮಣ್ಣಿಗೆ ಮೆಲ್ಲಗೆ ಒತ್ತುವಳು, ಉಸಿರು ಬಿಗಿಹಿಡಿದು ಕಿವಿ ಕೊಡುವಳು. ಕಲ್ಲಾದರೆ ಟೊಕ್. ಬೇರಾದರೆ ಸದ್ದೇ ಇಲ್ಲ. ಗಾಜಾದರೆ ಸಣ್ಣಗೆ ಟಿಣ್. ಟಿಣ್ ಎಂದಲ್ಲಿ ತೆಂಗಿನ ಚಿಪ್ಪಿನಿಂದ ಮಣ್ಣು ತೋಡಿ, ಆಮೇಲೆ ಬೆರಳಿನಿಂದಲೇ ಸುತ್ತ ಬಿಡಿಸುವಳು. ಎಳೆಯುತ್ತಿರಲಿಲ್ಲ, ಅಲ್ಲಾಡಿಸಿ ಅಲ್ಲಾಡಿಸಿ ತಾನಾಗಿ ಸಡಿಲವಾಗುವವರೆಗೆ ಕಾಯುತ್ತಿದ್ದಳು. ಮಣ್ಣು ಇದ್ದಿಲಿನ ಹಾಗೆ ಕಪ್ಪಗಿತ್ತು, ಕೊಳೆತ ಎಲೆಯ ತಣ್ಣನೆಯ ವಾಸನೆ ಬರುತ್ತಿತ್ತು. ನಾನು ಹತ್ತು ಸಲ “ಗಂಟೆ ಎಷ್ಟಾಯ್ತೇನೋ” ಎಂದೆ. ಅವಳ ಕೈ ಮಾತ್ರ ಗಡಿಬಿಡಿ ಮಾಡಲಿಲ್ಲ.

ಮೊದಲು ಒಂದು ಅರ್ಧ ತಟ್ಟೆ ಸಿಕ್ಕಿತು. ಆಮೇಲೆ ಗೋಲಿ ಸೋಡಾದ ಬಾಟ್ಲಿ. ಕುತ್ತಿಗೆಯಲ್ಲಿ ಗೋಲಿ ಸಿಕ್ಕಿಕೊಂಡಿದ್ದರಿಂದ ಅದು ಔಷಧಿಗೆ ಆಗುವಂತಿರಲಿಲ್ಲ. ಕೊನೆಗೆ ಒಂದರ ಪಕ್ಕ ಒಂದು, ಎರಡು ಇಡೀ ಬಾಟ್ಲಿ! ಒಂದು ನೀಲಿ, ಮೈತುಂಬ ಉದ್ದುದ್ದ ಉಬ್ಬುಗೀರು. ಬಿಸಿಲಿಗೆ ಹಿಡಿದರೆ ನನ್ನ ಅಂಗೈಯೂ ನೀಲಿಯಾಯಿತು. ಇನ್ನೊಂದು ಬಿಳಿ ಗಾಜಿನದು, ಕುತ್ತಿಗೆ ಸ್ವಲ್ಪ ಸೊಟ್ಟ. ಅಕ್ಕ ಎರಡನ್ನೂ ಹಳ್ಳಕ್ಕೆ ಒಯ್ದು ಮರಳು, ಬೂದಿ ತುಂಬಿ ಕುಲುಕಿದಳು. ಮೂಸಿದಳು, ಮತ್ತೆ ಕುಲುಕಿದಳು. ನೀರು ತುಂಬಿ ಬಾಯಿಗೆ ಹೆಬ್ಬೆರಳು ಕೊಟ್ಟು ತಲೆಕೆಳಗು ಹಿಡಿದು ಸೋರುತ್ತದೆಯೇ ಎಂದು ನೋಡಿದಳು.

“ನೀಲಿದ್ರಲ್ಲೇ ತರಾಣ,” ಎಂದು ನಾನು ಹಟ ಹಿಡಿದೆ.

“ಚಂದ ಇದೆ, ಹೌದು. ಆದ್ರೆ ಒಳಗೆ ಎಂತ ಇದೆ ಅಂತ ಕಾಣದಿಲ್ಲ. ಕುಡಿಯೋದು ಅಮ್ಮ, ನೆನಪಿರ್ಲಿ.”

ಆದರೂ ನನ್ನ ಮೋರೆ ನೋಡಿ ನೀಲಿಯನ್ನು ಹೊರಲು ಬಿಟ್ಟಳು. ಬಿಳಿಯದನ್ನು ತಾನು ಹಿಡಿದಳು. ಕೊಪ್ಪದವರೆಗೆ ಓಡುನಡಿಗೆ. ಕಿಟಕಿ ಇನ್ನೂ ತೆರೆದಿತ್ತು. ನಾನು ಮುನ್ನುಗ್ಗಿ ನೀಲಿ ಬಾಟ್ಲಿಯನ್ನೇ ಚಾಚಿದೆ. ಔಷಧಿ ಕೊಡುವ ಮುದುಕರು ಅದರ ಗೀರಿನ ಮೇಲೆ ಬೆರಳಾಡಿಸಿದರು.

“ಇದೆಲ್ಲಿ ಸಿಕ್ತು ಕೂಸೇ? ಹಿಂದೆ ವಿಷದ ಔಷಧಿ ತುಂಬ್ತಿದ್ದ ಬಾಟ್ಲಿ ಇದು. ಕತ್ಲಲ್ಲಿ ಮುಟ್ಟಿದ್ರೂ ಗೊತ್ತಾಗ್ಲಿ ಅಂತ ಗೀರು ಹಾಕಿರ್ತಾರೆ.”

ನಾನು ಕೈ ಹಿಂದಕ್ಕೆಳೆದು ಲಂಗಕ್ಕೆ ಒರೆಸಿಕೊಂಡೆ. ಅಕ್ಕ ಬಿಳಿ ಬಾಟ್ಲಿ ಮುಂದಿಟ್ಟಳು. ಅವರು ಬೆಳಕಿಗೆ ಹಿಡಿದರು, ಮೂಸಿದರು, ತಾವೂ ಒಮ್ಮೆ ತೊಳೆದರು. ಯಾರು ಇಷ್ಟು ಚೊಕ್ಕ ಮಾಡಿದ್ದು ಎಂದು ಕೇಳಿದರು. “ನಾನೇ,” ಎಂದಳು ಅಕ್ಕ. ಅವರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ ಔಷಧಿ ತುಂಬಿದರು. ಎಷ್ಟೆಷ್ಟು ಕುಡಿಯಬೇಕೆಂದು ತಿಳಿಯಲು ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟ್ಲಿಗೆ ಅಂಟಿಸಿ ಕೊಟ್ಟರು. ನೀಲಿಯದು ಅಲ್ಲೇ ಉಳಿಯಿತು. ನಾನು ಕೇಳುವ ಧೈರ್ಯ ಮಾಡಲಿಲ್ಲ.

ಮಾರನೇ ದಿನ ಅಮ್ಮ ಬೆವರಿದಳು, ಜ್ವರ ಇಳಿಯಿತು. ಎದ್ದು ಗೋಡೆಗೊರಗಿ ಕೂತವಳು ಬಾಟ್ಲಿಯನ್ನು ತಿರುಗಿಸಿ ನೋಡಿ, “ಇದು ನಮ್ದಲ್ಲ. ನಮ್ಮ ಬಾಟ್ಲಿಗೆ ಎಂತ ಆತು?” ಎಂದಳು. ನಾನು ಬಾಗಿಲ ಹಿಂದೆ ಸೇರಿಕೊಂಡೆ.

“ನನ್ನ ಕೈಜಾರಿ ಒಡೀತು,” ಎಂದಳು ಅಕ್ಕ.

ಅಷ್ಟು ನಿತ್ರಾಣದಲ್ಲೂ ಅಮ್ಮ ಅವಳಿಗೆ ಚೆನ್ನಾಗಿಯೇ ಬೈದಳು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಬಾಗಿಲ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳ ಮೇಲೆ ಅವತ್ತು ಹುಟ್ಟಿದ ಗೌರವ ನನಗೆ ಇವತ್ತಿಗೂ ಒಂದು ಚೂರೂ ಕಮ್ಮಿಯಾಗಿಲ್ಲ.

ನಿಮ್ಮ ಔಷಧಿ ಕಿತ್ತಳೆ ಹಣ್ಣಿನ ರುಚಿಯಲ್ಲಿ, ಮುಚ್ಚಳಕ್ಕೆ ಸೀಲು ಹಾಕಿಸಿಕೊಂಡು, ಅಳತೆಯ ಲೋಟದ ಸಮೇತ ಬರುತ್ತದೆ. ಆದರೂ ಒಂದು ಗುಟುಕು ಕುಡಿಸಲು ನಿಮ್ಮಮ್ಮ ಮನೆಯೆಲ್ಲ ಅಟ್ಟಿಸಿಕೊಂಡು ಓಡಬೇಕು. ಇರಲಿ, ಬಾಟ್ಲಿ ಹುಡುಕುವ ಕಷ್ಟ ನಿಮಗೆ ಇಲ್ಲವಲ್ಲ ಎಂದು ನನಗೆ ಸಂತೋಷವೇ. ಆದರೆ ಮೊನ್ನೆ ಫೋನಿನ ಗಾಜು ಒಡೆದಾಗ ನೀವಿಬ್ಬರೂ “ಇವನೇ”, “ಇವಳೇ” ಎಂದು ಬೆರಳು ತೋರಿಸಿಕೊಂಡಿರಲ್ಲ, ಆಗ ನನಗೆ ಅಕ್ಕ ನೆನಪಾದಳು. ಅವಳೀಗ ನರಸಿಂಹರಾಜಪುರದಲ್ಲಿದ್ದಾಳೆ. ಅವತ್ತು ಬಾಟ್ಲಿ ಒಡೆದದ್ದು ಯಾರು ಎಂದು ಬೇಕಾದರೆ ಫೋನ್ ಮಾಡಿ ಕೇಳಿ ನೋಡಿ. ಈಗಲೂ “ನಾನೇ” ಎನ್ನುತ್ತಾಳೆ.