ತಪ್ಪಿದ್ದೇ ತಾಳ

ನನ್ನ ಸೋದರಮಾವನಿಗೆ ಬ್ಯಾಂಡಿನವರು ಇಟ್ಟ ಹೆಸರು ಗುಡುಗಪ್ಪ. ಮೀಸೆ ಮೂಡುವ ಮೊದಲೇ ಡ್ರಮ್ಸ್ ಮುಂದೆ ಕೂತವರು. ಹಡಗು, ಹೋಟೆಲು, ಸಿನಿಮಾ ಸ್ಟುಡಿಯೋ ಎಂದು ಏಳು ಕೆರೆ ನೀರು ಕುಡಿದು ಬಂದು, ಸ್ವಂತ ಜಾಝ್ ಫ್ಯೂಷನ್ ಬ್ಯಾಂಡ್ ಕಟ್ಟಿದರು. ಗ್ಯಾರೇಜಿನ ಗೋಡೆಗೆಲ್ಲ ಹಳೇ ಹಾಸಿಗೆ ಬಡಿದು ಅಭ್ಯಾಸದ ಕೋಣೆ ಮಾಡಿದರು. ಪಾಪದ ಕಾರು ಜೀವಮಾನವಿಡೀ ಬೀದಿಯಲ್ಲಿ ಒಣಗಿತು.

ಕೋಪ ಮೂಗಿನ ತುದಿಯಲ್ಲೇ. ಕೀಬೋರ್ಡಿನಲ್ಲಿ ನಾನು ಅರ್ಧ ಮಾತ್ರೆ ಜಾರಿದರೂ ಕೋಲೆತ್ತಿ ನಿಲ್ಲಿಸುತ್ತಿದ್ದರು. "ಅಕ್ಕನ ಮಗಳು ಅಂತ ತಾಳ ಕಾಯ್ತಾ ಕೂರಲ್ಲಮ್ಮ."

ಅಂಥವರ ಕಿವಿ ಮಂದವಾಯಿತು. ಮೊದಲು ಸಿಂಬಲ್ ತಟ್ಟೆಗಳ ಸದ್ದು ಹೋಯಿತು, ಆಮೇಲೆ ನನ್ನ ಕೀಬೋರ್ಡು. ಡಾಕ್ಟರ ಮಾತೆತ್ತಿದರೆ "ನೀವೇ ಮೆಲ್ಲಗೆ ನುಡಿಸ್ತೀರಿ" ಎಂದು ನಮ್ಮ ಮೇಲೇ ಹಾರಾಡಿದರು. ಡ್ರಮ್ಸ್ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ ಎಂಬ ಹೆದರಿಕೆ ನಮಗೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಅವರ ಹಳೇ ಗೆಳೆಯ, ಬೇಸ್ ಗಿಟಾರಿನವರು, ಒಂದು ದಾರಿ ಹೇಳಿದರು. "ಇನ್ಮೇಲೆ ಅವನು ತಪ್ಪಿದ್ದೇ ತಾಳ. ಎಲ್ರೂ ಅಲ್ಲಿಗೇ ಹೋಗಿ ಸೇರ್ಕೊಳ್ಳಿ."

ಹಾಗೆಯೇ ಮಾಡಿದೆವು. ಬೇಸಿನ ಕಂಪನ ಮಾವ ಕೂತ ಸ್ಟೂಲಿನಿಂದ ಅವರ ಮೈಗೆ ಹತ್ತುತ್ತಿತ್ತು, ನಮ್ಮ ಕೈಗಳು ಕಣ್ಣಿಗೆ ಕಾಣುತ್ತಿದ್ದವು. ಎಲ್ಲ ಸರಿಯಾಗಿದೆ ಎಂದೇ ಮಾವ ನಂಬಿದರು. ಜನ ಇದೇನೋ ಹೊಸ ಪ್ರಯೋಗವೆಂದು ಚಪ್ಪಾಳೆ ತಟ್ಟಿದರು. ಜಾಝಿನಲ್ಲಿ ಅದೊಂದು ಅನುಕೂಲ. ಹೀಗೇ ವರ್ಷಗಟ್ಟಲೆ ದೂಡಿದೆವು.

ಒಂದು ಮಧ್ಯಾಹ್ನ, ಅಭ್ಯಾಸದ ನಡುವೆ, ಮಾವ ಡ್ರಮ್ಮಿನ ಒಂದು ಪೆಟ್ಟು ಬಾರಿಸದೆ ನುಂಗಿದರು. ನಾವೆಲ್ಲ ಒಟ್ಟಿಗೆ ಜಾರಿದೆವು. ನಮ್ಮ ಕೈಗಳನ್ನೇ ನೋಡುತ್ತ ಇನ್ನೊಂದು ನುಂಗಿದರು. ಮತ್ತೆ ಜಾರಿದೆವು. ಬೇಕೆಂದೇ ಮಾಡುತ್ತಿದ್ದಾರೆಂದು ನನಗೆ ಹೊಳೆಯುವಷ್ಟರಲ್ಲಿ ಕೋಲು ಕೆಳಗಿಟ್ಟಿದ್ದರು.

"ಎಷ್ಟು ದಿನದಿಂದ ನಡೀತಿದೆ ಇದು?"

ಬೇಸಿನವರು ತಲೆ ತಗ್ಗಿಸಿದರು.

"ಸರಿ. ಈಗ ನಾನಿಲ್ಲ ಅಂದ್ಕೊಂಡು ನುಡಿಸಿ."

"ಬೇಡ ಮಾವ," ಎಂದೆ. ಅವರು ಆಗಲೇ ಬೇಸಿನ ಸ್ಪೀಕರ್ ಪಕ್ಕ ನೆಲದ ಮೇಲೆ ಕೂತು, ಅದಕ್ಕೆ ಅಂಗೈ ಒತ್ತಿ ಹಿಡಿದಿದ್ದರು.

ನುಡಿಸಿದೆವು. ನನಗೆ ಅಳು ಒತ್ತರಿಸಿ ಬರುತ್ತಿತ್ತು, ಹಾಳಾದ ಬೆರಳು ಮಾತ್ರ ಎಲ್ಲೂ ಎಡವಲಿಲ್ಲ. ಅಷ್ಟೂ ವರ್ಷಗಳಲ್ಲಿ ನಾವು ಅಷ್ಟು ಚೆನ್ನಾಗಿ ನುಡಿಸಿದ್ದೇ ಇಲ್ಲ. ಅದು ಮಾವನ ಅಂಗೈಗೂ ತಿಳಿಯಿತು. ಮುಗಿಯುವ ಮೊದಲೇ ಕೈ ತೆಗೆದುಬಿಟ್ಟರು.