ಮೊಳೆಯಲ್ಲಿ ನೇತಾಡುವ ಕೋಟು

ಪ್ರಯೋಗಾಲಯದ ಬಾಗಿಲ ಹಿಂದಿನ ಮೊಳೆಯಲ್ಲಿ ಆ ಕಪ್ಪು ಕೋಟು ಇನ್ನೂ ಹಾಗೇ ನೇತಾಡುತ್ತಿದೆ. ವಿಜ್ಞಾನದ ಮೇಷ್ಟ್ರು ತೀರಿಹೋಗಿ ಮೂರು ತಿಂಗಳಾಯಿತು. ಅದನ್ನು ತೆಗೆದುಬಿಡು ಎಂದು ಹೆಡ್‌ಮಾಸ್ಟರು ಜವಾನನಿಗೆ ಎರಡು ಸಲ ಹೇಳಿದರು. ಅವನು ಎರಡು ಸಲವೂ ‘ಆಯ್ತು ಸಾರ್’ ಅಂದ, ಕೈ ಹಾಕಲಿಲ್ಲ. ಕೊನೆಗೆ ಹೆಡ್‌ಮಾಸ್ಟರೇ ಹೋದರು. ಕೋಟಿನ ಭುಜದ ಮೇಲಿದ್ದ ಧೂಳು ಕೊಡವಿ ಹಾಗೇ ವಾಪಸು ಬಂದರು.

ಒಂದು ಕಾಲದಲ್ಲಿ ಆ ಕೋಟಿಲ್ಲದೆ ಮೇಷ್ಟ್ರನ್ನು ಕಂಡವರೇ ಇರಲಿಲ್ಲ. ಹೊರಗೆ ಟಾರು ಕರಗುವ ಬಿಸಿಲಿದ್ದರೂ ಕೋಟು, ಅದೂ ಮೇಲಿನ ಗುಂಡಿಯವರೆಗೆ. ‘ಕೋಟು ಮೇಷ್ಟ್ರು’ ಎಂಬ ಹೆಸರು ಮೊದಲ ವಾರದಲ್ಲೇ ಅಂಟಿಕೊಂಡಿತ್ತು. ಒಳಗೆ ಪಿಸ್ತೂಲು ಇದೆ ಎಂಬುದು ಏಳನೇ ತರಗತಿಯವರ ನಂಬಿಕೆ. ಇರುವುದೇ ಒಂದು ಅಂಗಿ, ಅದಕ್ಕೂ ಬೆನ್ನಿಲ್ಲ ಎಂಬುದು ಹತ್ತನೆಯವರ ವಾದ. ನಿಜ ಗೊತ್ತಿದ್ದುದು ಹೆಂಡತಿಗೆ ಮತ್ತು ಸ್ಟಾಫ್ ರೂಮಿನ ಪಕ್ಕದ ಕುರ್ಚಿಯ ಗೆಳೆಯನಿಗೆ ಮಾತ್ರ: ಮೇಷ್ಟ್ರು ವಿಪರೀತ ಬೆವರುತ್ತಿದ್ದರು. ಫ್ಯಾನಿನ ಕೆಳಗೆ ಸುಮ್ಮನೆ ಕೂತರೂ ಅಂಗಿ ಹಿಂಡುವ ಹಾಗಾಗುತ್ತಿತ್ತು. ಬೆವರು ಕಾಣದಿರಲೆಂದು ಕೋಟು. ಕೋಟು ಹಾಕಿದ್ದಕ್ಕೆ ಇನ್ನಷ್ಟು ಬೆವರು. ಮನುಷ್ಯ ಪಾಠ ಹೇಳುತ್ತಿದ್ದುದು ವಿಜ್ಞಾನ.

ಒಂದು ವರ್ಷ ಒಂಬತ್ತನೇ ತರಗತಿಯಲ್ಲಿ ದರ್ಜಿಯ ಮಗಳಿದ್ದಳು. ಅವಳದ್ದೂ ಅದೇ ಪಾಡು, ಅಂಗೈಯಲ್ಲಂತೂ ಇನ್ನೂ ಹೆಚ್ಚು. ಬರೆಯಲು ಕೂತರೆ ಹಾಳೆ ಒದ್ದೆಯಾಗಿ ಶಾಯಿ ಹರಡಿಕೊಳ್ಳುತ್ತಿತ್ತು. ಹುಡುಗರು ಅವಳಿಗೆ ‘ನಲ್ಲಿ’ ಎಂದು ಹೆಸರಿಟ್ಟರು. ಅವಳು ಒಳಗೆ ಕಾಲಿಟ್ಟರೆ ಮಾನಿಟರ್ ಕೊಡೆ ಬಿಚ್ಚುತ್ತಿದ್ದ. ಪ್ರಯೋಗಕ್ಕೆ ಅವಳ ಜೋಡಿಯಾಗಲು ಯಾರೂ ಒಪ್ಪುತ್ತಿರಲಿಲ್ಲ. ಒಂದು ದಿನ ಯಾರೋ ಅವಳ ಬೆಂಚಿನ ಕೆಳಗೆ ಬಕೆಟ್ ತಂದಿಟ್ಟರು.

ಬಕೆಟ್ ಕಂಡ ದಿನ ಮೇಷ್ಟ್ರಿಗೆ ಊಟ ಸೇರಲಿಲ್ಲ. ಮಾರನೆಯ ದಿನ, ಯಾರ ಹೆಸರನ್ನೂ ಎತ್ತದೆ, ಬೆವರಿನ ಬಗ್ಗೆ ಭರ್ಜರಿ ಪಾಠ ಮಾಡಿದರು. ಬೋರ್ಡಿನ ತುಂಬ ಚರ್ಮದ ಚಿತ್ರ, ಅದರೊಳಗೆ ಸುರುಳಿಸುರುಳಿ ಗ್ರಂಥಿಗಳು. “ಕೆಲವರಿಗೆ ಇವು ಜಾಸ್ತಿ ಕೆಲಸ ಮಾಡ್ತವೆ. ಇದು ಕೊಳಕಲ್ಲ, ಅಂಟುರೋಗ ಅಲ್ಲ. ನಾಚಿಕೆಪಡೋ ಅಂಥದ್ದು ಏನೇನೂ ಇಲ್ಲ” ಎಂದರು, ಕೋಟಿನ ಮೇಲಿನ ಗುಂಡಿಯನ್ನು ಇನ್ನಷ್ಟು ಬಿಗಿಮಾಡಿಕೊಳ್ಳುತ್ತ. ಅವರು ಹೆಸರೆತ್ತಲಿಲ್ಲ, ಸರಿ. ಆದರೆ ಇಡೀ ತರಗತಿಯ ತಲೆಗಳು ಒಟ್ಟಿಗೆ ಮೂರನೇ ಬೆಂಚಿನತ್ತ ತಿರುಗಿದವು. ಸಂಜೆಯ ಹೊತ್ತಿಗೆ ‘ನಲ್ಲಿ’ಗೆ ಬಡ್ತಿ ಸಿಕ್ಕಿ ‘ಗ್ರಂಥಿ’ಯಾಗಿತ್ತು. ಆಮೇಲೆ ಹುಡುಗಿ ಶಾಲೆಗೆ ಬರಲಿಲ್ಲ.

“ಎಷ್ಟೊಂದು ಚೆನ್ನಾಗಿ ಹೇಳ್ದೆ ಕಣೇ” ಎಂದು ಮೇಷ್ಟ್ರು ಮನೆಯಲ್ಲಿ ತಲೆಮೇಲೆ ಕೈಹೊತ್ತು ಕೂತರು.

ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದರು. “ಏನಂತ ಹೇಳಿದ್ರಿ?”

“ನಾಚ್ಕೋಬೇಡ ಅಂತ.”

“ಕೋಟು ಹಾಕ್ಕೊಂಡೇ ಹೇಳಿದ್ರಾ?”

ಮೇಷ್ಟ್ರು ತಲೆಯ ಮೇಲಿನ ಕೈ ಇಳಿಸಿದರು.

“ಮದುವೆಯಾದಾಗಿನಿಂದ ಆ ಕೋಟಿನೊಳಗೆ ಬಚ್ಚಿಟ್ಕೊಂಡು ಕೂತಿರೋರು ನೀವು. ಆ ಮಗೂಗೆ ನಾಚ್ಕೋಬೇಡ ಅಂತ ಯಾವ ಬಾಯಲ್ಲಿ ಹೇಳಿದ್ರೀ?”

“ಈ ಬಾಯಲ್ಲೇ” ಎಂದರು ಮೇಷ್ಟ್ರು, ಬಹಳ ಸಣ್ಣ ದನಿಯಲ್ಲಿ.

ವಾರದ ಕೊನೆಗೆ ದರ್ಜಿಯ ಅಂಗಡಿಗೆ ಹೋದರು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಹೊಲಿಗೆ ಯಂತ್ರದ ಹಿಂದೆ ಒಂದು ಪರದೆ, ಪರದೆಯ ಹಿಂದೆ ಸಂಸಾರ.

“ಬನ್ನಿ ಸಾರ್, ನಾನೇ ಬರೋನಿದ್ದೆ. ಸೋಮವಾರ ಅವಳನ್ನ ಶಾಲೆ ಬಿಡಿಸಿಬಿಡ್ತೀನಿ” ಎಂದರು ದರ್ಜಿ. “ಬೆಳಗಾದ್ರೆ ಹೊಟ್ಟೆನೋವು ಅಂತಾಳೆ. ಹೋಗ್ಲಿ, ಇಲ್ಲೇ ಗುಂಡಿ ಹೊಲ್ಕೊಂಡಿರು ಅಂದ್ರೆ, ಮುಟ್ಟಿದ ಬಟ್ಟೆಗೆಲ್ಲ ಕಲೆ. ಇದು ಹೊಸದೋ ಒಗೆದದ್ದೋ ಅಂತ ಗಿರಾಕಿಗಳು ಕೇಳ್ತಾರೆ.”

ಮೇಷ್ಟ್ರು ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದರು. ಅದು ಅಲ್ಲೇ ಮರೆತುಹೋಯಿತು. “ನನಗೊಂದು ಅಂಗಿ ಬೇಕಿತ್ತು” ಎಂದರು.

“ಎಂಥ ಬಟ್ಟೆ ಸಾರ್?”

“ಬೆವರಿದ್ರೆ ಎದ್ದು ಕಾಣಬೇಕು. ಅಂಥದ್ದು.”

ದರ್ಜಿ ಅಳತೆಯ ಟೇಪನ್ನು ಕೊರಳಿನಿಂದ ತೆಗೆದು, ಮತ್ತೆ ಕೊರಳಿಗೇ ಹಾಕಿಕೊಂಡರು. “ಕಾಣಬಾರದು ಅಂತಲ್ವಾ ಸಾರ್ ನೀವು ಹೇಳ್ತಿರೋದು?”

“ಕಾಣಬೇಕು. ಎದುರು ಬೀದಿಗೂ ಕಾಣಬೇಕು.”

ಹುಚ್ಚರನ್ನು ಕೆಣಕಬಾರದೆಂಬಂತೆ ದರ್ಜಿ ಮೆಲ್ಲಗೆ ಕಪಾಟು ತೆಗೆದರು. “ಬಿಳಿ ಮುಚ್ಚಿಡುತ್ತೆ ಸಾರ್. ಕಪ್ಪೂ ಮುಚ್ಚಿಡುತ್ತೆ. ಈ ಬೂದಿ ಬಣ್ಣ ಇದೆ ನೋಡಿ, ಇದರ ಹೊಟ್ಟೇಲಿ ಮಾತು ನಿಲ್ಲಲ್ಲ.”

“ಬೂದಿ ಏನೂ ಅಲ್ಲಪ್ಪಾ” ಎಂದಿತು ಪರದೆ. “ತಿಳಿನೀಲಿ ಅದಕ್ಕಿಂತ ಜಾಸ್ತಿ ಕಾಣುತ್ತೆ. ನಮ್ಮ ಯೂನಿಫಾರ್ಮ್ ಬಟ್ಟೆ.”

ಮೇಷ್ಟ್ರು ಪರದೆಯತ್ತ ತಿರುಗಿ ಗಂಭೀರವಾಗಿ ಕೇಳಿದರು: “ಗ್ಯಾರಂಟಿನಾ?”

“ದಿನಾ ಹಾಕ್ಕೊಳ್ಳೋಳು ನಾನಲ್ವಾ ಸಾರ್.” ಪರದೆಯ ಅಂಚಿನಿಂದ ಒಂದು ಮುಖ ಹೊರಬಂತು. “ಆದ್ರೆ ಮೇಲೆ ಕೋಟು ಹಾಕ್ಕೊಳ್ತೀರಲ್ಲ. ಕಂಡ್ರೆಷ್ಟು, ಬಿಟ್ರೆಷ್ಟು?”

ಮೇಷ್ಟ್ರು ಗುಂಡಿ ಬಿಚ್ಚಿ ಕೋಟು ತೆಗೆದರು. ಒಳಗಿನ ಬಿಳಿ ಅಂಗಿ ಈಗಷ್ಟೇ ಬಾವಿಯಿಂದ ಎತ್ತಿದಂತೆ ಮೈಗಂಟಿತ್ತು. ಹುಡುಗಿ ಪೂರ್ತಿ ಹೊರಗೆ ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದಳು.

“ನೀವು ನನಗಿಂತ ಜಾಸ್ತಿ ಸಾರ್!” ದನಿಯಲ್ಲಿ ಮರುಕವಿರಲಿಲ್ಲ, ಗೌರವವಿತ್ತು.

“ಸೋಮವಾರ ಕೋಟಿಲ್ಲದೆ ಬರ್ತೀನಿ. ನೀನೂ ಬಾ.”

“ಒಂದೇ ದಿನ. ನೋಡೋಕೆ ಮಾತ್ರ.”

“ಆಯ್ತು, ಒಂದೇ ದಿನ.”

ಸೋಮವಾರ ಗೇಟಿನಲ್ಲಿ ಜವಾನ ತಿಳಿನೀಲಿ ಅಂಗಿ ಕಂಡು, “ಲೇಟಾಗಿ ಬಂದು ನಿಧಾನಕ್ಕೆ ಬೇರೆ ನಡೀತೀಯಾ?” ಎಂದು ಹಿಂದಿನಿಂದ ಗದರಿಸಿಬಿಟ್ಟ. ತಿರುಗಿದ ಮುಖ ನೋಡಿ ಅವನಿಗೂ ಬೆವರು ಬಂತು. ಒಂಬತ್ತನೇ ತರಗತಿಯ ಬಾಗಿಲಲ್ಲಿ ಮೇಷ್ಟ್ರ ಕಾಲು ಒಂದು ಕ್ಷಣ ಹಿಂಜರಿಯಿತು. ಮೂರನೇ ಬೆಂಚಿನಲ್ಲಿ ಎರಡು ಕಣ್ಣು ತಮ್ಮನ್ನೇ ನೋಡುತ್ತಿದ್ದವು. ಒಳಗೆ ಹೋದರು. ಬೋರ್ಡಿನ ಕಡೆ ತಿರುಗಿ ಬೆನ್ನು ತೋರಿಸಿದರು.

ಮೊದಲು ಗುಸುಗುಸು. ಆಮೇಲೆ ಮಾನಿಟರ್: “ಸಾರ್, ಹೊರಗೆ ಮಳೆನಾ?”

ತರಗತಿ ಬಿದ್ದುಬಿದ್ದು ನಕ್ಕಿತು.

“ನನ್ನೊಬ್ಬನ ಮೇಲೇ ಬಂತಪ್ಪಾ” ಎಂದರು ಮೇಷ್ಟ್ರು. “ನಿನ್ನ ಹತ್ರ ಕೊಡೆ ಇದೆಯಲ್ಲ, ಬಾ ಹಿಡಿ.” ಮಾನಿಟರ್ ಕೊಡೆ ಬಿಚ್ಚಿ ಅವರ ತಲೆಯ ಮೇಲೆ ಹಿಡಿದು ನಿಂತ. “ಏನಾದ್ರೂ ಕಮ್ಮಿ ಆಯ್ತಾ?”

“ಇಲ್ಲ ಸಾರ್.”

“ಹೇಗೆ ಆಗುತ್ತೆ? ನೀರು ಒಳಗಿಂದ ಬರ್ತಿದೆ, ನೀನು ಮೇಲೆ ಕೊಡೆ ಹಿಡಿದಿದ್ದೀಯ!”

ಈ ಸಲದ ನಗೆ ಕೊಡೆಯ ಮೇಲೆ ಬಿತ್ತು. ಮೇಷ್ಟ್ರು ಸೀಮೆಸುಣ್ಣ ಎತ್ತಿ ಹಿಡಿದರು. “ಬೆನ್ನ ಮೇಲಿನ ಒದ್ದೆಯ ಸುತ್ತ ಗೆರೆ ಎಳೀಬೇಕು. ಬೆಲ್ ಹೊಡೆಯೋದರೊಳಗೆ ಬೆವರು ಗೆರೆ ದಾಟುತ್ತೋ ಇಲ್ವೋ ನೋಡೋಣ. ಯಾರು ಬರ್ತೀರಿ?”

ಯಾರೂ ಏಳಲಿಲ್ಲ. ಕೊನೆಗೆ ದರ್ಜಿಯ ಮಗಳು ಎದ್ದಳು. ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು, ಅಪ್ಪ ಬಟ್ಟೆಯ ಮೇಲೆ ಗುರುತು ಹಾಕುವ ಹಾಗೆ, ಕೈ ಎತ್ತದೆ ಒಂದೇ ಗೆರೆ ಎಳೆದಳು.

“ಆಫ್ರಿಕಾ!” ಎಂದು ಹಿಂದಿನ ಬೆಂಚು ಕೂಗಿತು.

“ದಕ್ಷಿಣ ಅಮೆರಿಕ” ಎಂದು ಅವಳು ತಿದ್ದಿದಳು. “ಕೆಳಗೆ ಚೂಪಾಗಿದೆ, ಕಾಣಲ್ವಾ?”

ಭೂಪಟದ ಜಗಳ ಬೆಲ್ ಹೊಡೆಯುವವರೆಗೂ ನಡೆಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಾನೇ ಬಂದು ಗಡಿಯಾರ ಹಿಡಿದು ಅವಳ ಪಕ್ಕ ನಿಂತಳು. ಅಮೆರಿಕ ಗೆರೆ ದಾಟಿ ಸಮುದ್ರಕ್ಕಿಳಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಇವರಿಬ್ಬರೇ.

ಮಂಗಳವಾರವೂ ಹುಡುಗಿ ಬಂದಳು. ಯಾವ ಖಂಡ ಎಂದು ನೋಡಲಿಕ್ಕಂತೆ. ದರ್ಜಿ ಶಾಲೆ ಬಿಡಿಸಲು ಬರಲೇ ಇಲ್ಲ. ಎಲ್ಲವೂ ಒಂದು ಅಂಗಿಯಿಂದ ಸರಿಹೋಯಿತೆಂದಲ್ಲ. ಬಕೆಟ್ ಇಟ್ಟವರನ್ನು ಮೇಷ್ಟ್ರು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿದರು. ಏನು ಮಾತೋ, ಹೊರಬಂದವರ ಮುಖ ಇಳಿದಿತ್ತು. ಅವಳ ಜಾಗ ಕಿಟಕಿಯ ಪಕ್ಕಕ್ಕೆ ಬಂತು. ಪರೀಕ್ಷೆಯಲ್ಲಿ ಕೈಯ ಕೆಳಗೆ ಒಂದು ಟವಲು ಇಟ್ಟುಕೊಳ್ಳಲು ಹೆಡ್‌ಮಾಸ್ಟರರ ಒಪ್ಪಿಗೆ ಸಿಕ್ಕಿತು. ಇದಕ್ಕೆ ಔಷಧಿ ಇದೆ ಎಂದು ದರ್ಜಿಗೆ ಹೇಳಿ, ಅಪ್ಪ-ಮಗಳಿಬ್ಬರನ್ನೂ ಡಾಕ್ಟರ ಹತ್ತಿರ ಕರೆದೊಯ್ದವರೂ ಮೇಷ್ಟ್ರೇ. ಡಾಕ್ಟರು, “ಪೇಷಂಟ್ ಯಾರು?” ಎಂದು ಕೇಳಿದಾಗ ಹುಡುಗಿ ಮೇಷ್ಟ್ರ ಕಡೆ ಕೈ ತೋರಿಸಿದಳು.

‘ನಲ್ಲಿ’ ಎಂಬ ಹೆಸರನ್ನು ಮಕ್ಕಳು ಅವಳಿಂದ ಕಿತ್ತು ಅವರಿಗೆ ಅಂಟಿಸಿದರು. ನಲ್ಲಿ ಮೇಷ್ಟ್ರು. ಅವರು ಅದನ್ನು ಯಾರಿಗೂ ವಾಪಸು ಕೊಡಲಿಲ್ಲ, ಕೊನೆಯವರೆಗೂ ತಾವೇ ಇಟ್ಟುಕೊಂಡರು.

ಆ ಚಳಿಗಾಲದಲ್ಲಿ ಮೇಷ್ಟ್ರು ತೆಳು ಅಂಗಿಯಲ್ಲಿ ಗಡಗಡ ನಡುಗುತ್ತ ಪಾಠ ಹೇಳುತ್ತಿದ್ದರು. ಒಮ್ಮೆ ಬಿಟ್ಟಾಗಿದೆ, ಇನ್ನು ಕೋಟು ಮುಟ್ಟುವಂತಿಲ್ಲ ಎಂಬ ಹಟ. ಒಂದು ಬೆಳಿಗ್ಗೆ ದರ್ಜಿಯ ಮಗಳೇ ಸ್ಟಾಫ್ ರೂಮಿನಿಂದ ಕೋಟು ತಂದು ಪ್ರಯೋಗಾಲಯದಲ್ಲಿ ಅವರ ಮುಂದೆ ಹಿಡಿದಳು.

“ಹಾಕ್ಕೊಳ್ಳಿ ಸಾರ್. ಚಳಿಗೆ ಹಾಕ್ಕೊಂಡ್ರೆ ಬಚ್ಚಿಟ್ಕೊಂಡ ಹಾಗಲ್ಲ.”

ಹಾಕಿಕೊಂಡರು. ಸ್ವಲ್ಪ ಹೊತ್ತಿಗೆಲ್ಲ ಹಣೆಯಿಂದ ನೀರು ಇಳಿಯತೊಡಗಿತು.

“ಥೂ, ನಿಮ್ಮ ಕಥೆ ಇಷ್ಟೇ ಸಾರ್” ಎಂದಳು ಹುಡುಗಿ. “ಕೊಡಿ ಇಲ್ಲಿ.” ಇಸಿದುಕೊಂಡು, ತೋಳು ನೇರಮಾಡಿ, ಬಾಗಿಲ ಹಿಂದಿನ ಮೊಳೆಗೆ ಹಾಕಿದಳು.