ಹದ ಹಾಕಿದವರನ್ನು ಕೇಳಿ

ನನ್ನ ಗಂಡನ ಬಲಗಣ್ಣು ಹೋಗಿದ್ದು ನನ್ನಿಂದ. ಗುಜರಿ ಮುರುಗೇಶಣ್ಣ ಕೊಟ್ಟ ಉಕ್ಕಿನಿಂದ ಹೋಯಿತು ಎಂದು ಊರೆಲ್ಲ ಹೇಳಿತು, ಇವತ್ತಿಗೂ ಹೇಳುತ್ತದೆ. ಆ ಉಕ್ಕು ಚೆನ್ನಾಗಿಯೇ ಇತ್ತು. ಅದನ್ನು ಕೆಡಿಸಿದವಳು ನಾನು — ಗೊತ್ತಿದ್ದೂ ಕೆಡಿಸಿದವಳು.

ಕೋಗಿಲು ಊರಿನ ಹಳಬರೇ, ಇದನ್ನು ನೀವು ನಂಬುವುದಿಲ್ಲ. ಆಚಾರ್ರ ಹೆಂಡತಿ ಸರೋಜಮ್ಮನಿಗೆ ವಯಸ್ಸಾಯಿತು, ಏನೇನೋ ಮಾತಾಡುತ್ತಾಳೆ ಅನ್ನುತ್ತೀರಿ. ಅನ್ನಿ. ಅವತ್ತು ಅಷ್ಟು ಜನ ಸೇರಿದ್ದಿರಲ್ಲ, ಅಷ್ಟು ಕೂಗಾಡಿದಿರಲ್ಲ, ನಿಮ್ಮಲ್ಲಿ ಒಬ್ಬರಾದರೂ ನನ್ನ ಕಡೆ ತಿರುಗಿ, ‘ಆ ಕುಲುಮೆಯಲ್ಲಿ ನೀನೂ ಇದ್ದೆಯಲ್ಲ, ಏನಾಯಿತು ಹೇಳು’ ಎಂದು ಕೇಳಿದಿರಾ? ಹೆಂಗಸಿಗೂ ಉಕ್ಕಿನ ಹದಕ್ಕೂ ಎಲ್ಲಿಯ ಸಂಬಂಧ ಎಂದುಕೊಂಡಿರಿ. ನನ್ನ ತಪ್ಪು ಇಷ್ಟು ವರ್ಷ ಅಡಗಿ ಕೂತಿದ್ದು ನಿಮ್ಮ ಆ ತಾತ್ಸಾರದ ಮರೆಯಲ್ಲೇ. ಅದಕ್ಕೆ ನನಗೆ ನಿಮ್ಮ ಮೇಲೂ ಸಿಟ್ಟಿದೆ. ನನ್ನ ಮೇಲೆ ಇರುವಷ್ಟು ಇಲ್ಲ, ಆದರೂ ಇದೆ.

ನಮ್ಮ ಕುಲುಮೆಯ ಹತ್ಯಾರುಗಳನ್ನೆಲ್ಲ ಮಾಡುತ್ತಿದ್ದವಳು ನಾನು. ರಾಜಾನುಕುಂಟೆಯ ತವರಿನಲ್ಲಿ ನನ್ನಪ್ಪ ಕಲಿಸಿದ ಕೆಲಸ. ಯಜಮಾನರ ಕೈ ಸುತ್ತಿಗೆಗೆ ಸರಿ, ಸಣ್ಣ ಕೆಲಸಕ್ಕೆ ಆಗದು. ಅವರಿಗೂ ಅದು ಗೊತ್ತು. ಮದುವೆ ಅಡುಗೆಯ ದೊಡ್ಡ ಬಾಣಲೆಗಳಿಗೆ ಎತ್ತಿ ಹಿಡಿಯುವ ಕಿವಿ ಕೂರಿಸುವುದು ನಮ್ಮ ಮುಖ್ಯ ಕಸುಬಾಗಿತ್ತು. ಊರಿಗೆಲ್ಲ ವೆಲ್ಡಿಂಗ್ ಬಂದಮೇಲೂ ಅಡುಗೆಯವರು ಕಿವಿಗೆ ರಿವಿಟ್ಟೇ ಬೇಕು, ತೂತಿನಲ್ಲಿ ತೂರಿಸಿ ಬಡಿದು ಕೂರಿಸುವ ಮೊಳೆಯೇ ಬೇಕು ಅನ್ನುತ್ತಿದ್ದರು. ಅದಕ್ಕೆ ಎರಡು ಡೈ ಬೇಕು — ಬಟ್ಟಲಿನಂಥ ಕುಳಿ ಇರುವ ಎರಡು ಉಕ್ಕಿನ ತುಂಡು. ಒಂದು ಕೆಳಗೆ, ಅಡಿಗಲ್ಲಿನ ಮೇಲೆ ಕೂತು ರಿವಿಟ್ಟಿನ ತಲೆಗೆ ಆಸರೆ ಕೊಡುತ್ತದೆ. ಇನ್ನೊಂದು ಮೇಲೆ, ಸುತ್ತಿಗೆಯ ಏಟು ತಿಂದು ಇನ್ನೊಂದು ತುದಿಯನ್ನು ಗುಂಡಗೆ ಮಾಡುತ್ತದೆ. ಉಕ್ಕನ್ನು ಕೆಂಪಗೆ ಕಾಯಿಸಿ, ಬೇರಿಂಗ್ ಗುಂಡಿನ ಮೇಲಿಟ್ಟು ಬಡಿದರೆ ಕುಳಿ ಬೀಳುತ್ತದೆ. ಆಮೇಲೆ ಅರ ಹಾಕಿ ನಯ ಮಾಡಬೇಕು, ಆಮೇಲೆ ಹದ.

ಹದ ಹಾಕುವುದರಲ್ಲೇ ಎಲ್ಲ ಇರುವುದು. ಮೇಲಿನ ಡೈಯ ಕುಳಿಯ ತುದಿಯನ್ನಷ್ಟೇ ಕೆಂಪಗೆ ಕಾಯಿಸಿ, ನೀರಿಗೆ ಅದ್ದಿ ಗಟ್ಟಿ ಮಾಡಬೇಕು. ಏಟು ತಿನ್ನುವ ತಲೆ ಮೆತ್ತಗೇ ಉಳಿಯಬೇಕು. ತಲೆಯೂ ಗಟ್ಟಿಯಾದರೆ ಸುತ್ತಿಗೆ ಬಿದ್ದಾಗ ಚೂರು ಹಾರುತ್ತದೆ. ಇದನ್ನು ನನ್ನಪ್ಪ ನನಗೆ ಬೈದು ಬೈದು ಕಲಿಸಿದ್ದ.

ಕಣ್ಣು ಹೋದ ದಿನ ನಾನು ಮುರುಗೇಶಣ್ಣ ಕೊಟ್ಟ ಲಾರಿ ಆಕ್ಸಲ್‌ನ ತುಂಡಿನಿಂದ ಮಾಡಿದ ಹೊಸ ಮೇಲಿನ ಡೈಗೆ ಅರ ಹಾಕುತ್ತಾ ಕೂತಿದ್ದೆ. ಯಲಹಂಕದ ಅಡುಗೆ ಕಂಟ್ರಾಕ್ಟರ್ ಒಬ್ಬ ಬಾಣಲೆ ತಂದವನು ನನ್ನ ನೋಡಿ, “ಏನ್ ಆಚಾರ್ರೇ, ಮನೆಯೋರೂ ಕೆಲಸ ಮಾಡ್ತಾರಾ?” ಅಂದ. ಯಜಮಾನರು ನಕ್ಕರು. “ಅಯ್ಯೋ, ಅವಳದೇನ್ ಬಿಡ್ರೀ, ತಿದಿ ಒತ್ಕೊಂಡ್ ಕೂತಿರ್ತಾಳೆ. ಅರ ಕೊಟ್ರೆ ಕೈ ಕುಯ್ಕೋತಾಳೆ ಅಷ್ಟೇ.”

ಅರ ನನ್ನ ಕೈಯಲ್ಲೇ ಇತ್ತು. ನಾನು ಮಾಡಿದ ಇಕ್ಕಳ ಅವರ ಕೈಯಲ್ಲಿತ್ತು. ಅಂಥ ಮಾತು ಅದೇ ಮೊದಲಲ್ಲ, ಆದರೆ ಅವತ್ತು ಯಾಕೋ — ಮೈಯೆಲ್ಲ ಉರಿದುಹೋಯಿತು. ಡೈಯನ್ನು ಬೆಂಕಿಗೆ ಹಾಕಿದೆ. ತಲೆಯಿಂದ ಬುಡದವರೆಗೆ ಕೆಂಪಾಗಲು ಬಿಟ್ಟೆ. ಇಡಿಯಾಗಿ ನೀರಿನ ತೊಟ್ಟಿಗೆ ಬಿಸಾಕಿದೆ. ತೆಗೆದು, ಸೆರಗಿನಲ್ಲಿ ಒರೆಸಿ, ಅವರ ಕೈಗೆ ಕೊಟ್ಟೆ.

“ಆಯ್ತಾ?” ಅಂದರು.

“ಆಯ್ತು” ಅಂದೆ.

ಆ ಒಂದು ಮಾತು. ಆ ಕಂಟ್ರಾಕ್ಟರ್ ಮುಂದೆ ಡೈಯ ಅಂಚು ಒಡೆಯಲಿ, ಇವರ ಮುಖ ಸಪ್ಪಗಾಗಲಿ, ಒಂದು ಸಲವಾದರೂ ನನ್ನ ಕಡೆ ತಿರುಗಿ ನೋಡಲಿ — ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಕಣ್ಣಿನ ಯೋಚನೆ ಬರಲಿಲ್ಲ. ಬರಬೇಕಿತ್ತು. ಚೂರು ಹಾರುತ್ತದೆ ಎಂದು ಗೊತ್ತಿದ್ದವಳಿಗೆ ಅದು ಎಲ್ಲಿಗೆ ಹಾರುತ್ತದೆ ಎಂಬ ಯೋಚನೆ ಬರಲಿಲ್ಲ ಅಂದರೆ ಯಾರು ಒಪ್ಪುತ್ತಾರೆ? ನಾನೇ ಒಪ್ಪುವುದಿಲ್ಲ. ಮೊದಲ ರಿವಿಟ್ಟು ಕೂರುವ ಮೊದಲೇ ಅವರು ಸುತ್ತಿಗೆ ಬಿಟ್ಟು ಮುಖ ಹಿಡಿದುಕೊಂಡರು. ಬೆರಳಿನ ಸಂದಿಯಿಂದ ರಕ್ತ ಇಳಿಯಿತು.

ಆಸ್ಪತ್ರೆಯಲ್ಲಿ ಕಣ್ಣು ಉಳಿಯಲಿಲ್ಲ. ಪಟ್ಟಿ ಕಟ್ಟಿಕೊಂಡು ಅವರು ಮನೆಗೆ ಬಂದಮೇಲೆ ನೀವೆಲ್ಲ ಅವರನ್ನೂ ಮುಂದಿಟ್ಟುಕೊಂಡು, ಒಡೆದ ಡೈ ಹಿಡಿದು, ಅರಳಿಕಟ್ಟೆಯ ಪಕ್ಕದ ಗುಜರಿ ಅಂಗಡಿಗೆ ನುಗ್ಗಿದಿರಿ. ಮುರುಗೇಶಣ್ಣನನ್ನು ಹೊರಗೆಳೆದಿರಿ. “ಕೊಳೆತ ಉಕ್ಕು ಕೊಟ್ಟು ಒಬ್ರ ಕಣ್ಣೇ ತೆಗೆದ್ಬುಟ್ಟಲ್ಲೋ! ಇಂಗಾ ಯಾಪಾರ ಮಾಡೋದು?” ಎಂದು ಕತ್ತಿನ ಪಟ್ಟಿ ಹಿಡಿದಿರಿ.

ಮುರುಗೇಶಣ್ಣ ಯಾರು ಗೊತ್ತಾ ನಿಮಗೆ? ಈ ಊರಿನಲ್ಲಿ ನನ್ನ ಕೆಲಸವನ್ನು ನನ್ನದು ಎಂದ ಒಬ್ಬನೇ ಮನುಷ್ಯ. ಒಳ್ಳೆಯ ಉಕ್ಕು ಬಂದರೆ ಎತ್ತಿಟ್ಟು, “ಸರೋಜಮ್ಮಾ, ಲಾರಿ ಆಕ್ಸಲ್ ಬಂದೈತೆ. ನಿನ್ ಡೈಗೆ ಅಂತಾನೇ ಮಡಗಿವ್ನಿ” ಅನ್ನುತ್ತಿದ್ದ. ನಿನ್ನ ಡೈ ಅನ್ನುತ್ತಿದ್ದ. ಆ ಎರಡು ಪದ ಕೇಳುವುದಕ್ಕೇ ನಾನು ಕೆಲವು ಸಲ ಆ ಕಡೆ ಹೋಗಿದ್ದೇನೆ.

ಅವತ್ತು ಅವನು ಒಡೆದ ಡೈಯನ್ನು ಕೈಗೆ ತೆಗೆದುಕೊಂಡ. ಅದರ ತಲೆಗೆ ಅರ ಹಚ್ಚಿ ಎಳೆದ. ಅರ ಹಿಡಿಯಲಿಲ್ಲ, ಜಾರಿತು — ಮೆತ್ತಗಿರಬೇಕಾದ ತಲೆ ಗಟ್ಟಿಯಾಗಿತ್ತು. ತಲೆ ಎತ್ತಿ, ಗುಂಪಿನ ಹಿಂದೆ ನಿಂತಿದ್ದ ನನ್ನನ್ನು ನೋಡಿದ. ನನ್ನ ಹೆಸರು ಹೇಳಲಿಲ್ಲ.

“ಉಕ್ಕಲ್ಲಿ ಏನೂ ಇಲ್ಲ” ಅಂದ. “ಹದ ಹಾಕ್ದೋರ್ನ ಕೇಳಿ.”

ಹೇಳಬೇಕು ಎಂದು ಒಂದು ಹೆಜ್ಜೆ ಮುಂದಿಟ್ಟೆ, ಇಟ್ಟಿದ್ದು ನಿಜ — ಅಷ್ಟರಲ್ಲಿ ಯಜಮಾನರು ಕೂಗಿದರು: “ನಾನೇ ಕಣೋ ಹಾಕಿದ್ದು! ನನ್ ಹದ ಯಾವತ್ತಾದ್ರೂ ತಪ್ಪಿದ್ಯಾ? ಹೇಳ್ರಪ್ಪಾ!”

ತಪ್ಪಿರಲಿಲ್ಲ, ಯಾಕೆಂದರೆ ಅದೆಲ್ಲ ನನ್ನ ಹದ. ನನ್ನ ಒಳ್ಳೆಯ ಕೆಲಸವನ್ನೆಲ್ಲ ತಮ್ಮದು ಮಾಡಿಕೊಂಡವರು ಅವತ್ತು ನನ್ನ ಪಾಪವನ್ನೂ ತಮ್ಮದು ಮಾಡಿಕೊಂಡರು. ಕಣ್ಣು ಕಳೆದುಕೊಂಡವನ ಮೇಲೇ ತಪ್ಪು ಹೊರಿಸುತ್ತಾನೆ ಎಂದು ನೀವು ಇನ್ನಷ್ಟು ಕೆರಳಿದಿರಿ. ಅವನ ತಕ್ಕಡಿಯನ್ನು ಮೋರಿಗೆ ಎಸೆದಿರಿ. ನಾನು ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಆ ವಾರವೇ ಮುರುಗೇಶಣ್ಣ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಮಾಕಳಿಗೆ ಹೊರಟುಹೋದ.

ಇನ್ನೊಂದು ವಿಷಯ ಹೇಳುತ್ತೇನೆ, ಕೇಳಿ ನಿಮಗೇ ನಾಚಿಕೆಯಾಗಲಿ. ಕೆಳಗಿನ ಡೈ ಕೂಡ ಅದೇ ಆಕ್ಸಲ್‌ನ ತುಂಡು. ಅದನ್ನು ನಾನು ಸಮಾಧಾನದಲ್ಲಿ, ಸರಿಯಾಗಿ ಹದ ಹಾಕಿ ಮಾಡಿದ್ದೆ. ಮೊನ್ನೆ ಮೊನ್ನೆಯವರೆಗೂ ನಮ್ಮ ಅಡಿಗಲ್ಲಿನ ಮೇಲೆ ಅದೇ ಕೂತಿತ್ತು. ಒಂದು ಬಿರುಕಿಲ್ಲ. ಕೊಳೆತ ಉಕ್ಕು ಎಂದು ಬೈಯುತ್ತಲೇ ನೀವೆಲ್ಲ ಅದರ ಮೇಲೆ ನಿಮ್ಮ ಬಾಣಲೆಗೆ ಕಿವಿ ಹಾಕಿಸಿಕೊಂಡು ಹೋದಿರಿ.

ಯಜಮಾನರು ಮಾತ್ರ ಉಕ್ಕೇ ಕೆಟ್ಟದ್ದು ಎಂದು ನಿಜವಾಗಿ ನಂಬಿದ್ದಾರೆ ಅಂದುಕೊಂಡಿದ್ದೆ. ಹೋದ ತಿಂಗಳು ಅದೂ ಸುಳ್ಳಾಯಿತು. ಹೊಸ ಅಪಾರ್ಟ್‌ಮೆಂಟಿನಿಂದ ನಾಲ್ಕಾರು ಜನ ಕುಲುಮೆ ನೋಡಲು ಬಂದರು. ಇವರು ಒಂದೊಂದೇ ಹತ್ಯಾರು ಎತ್ತಿ, ನಾನೇ ಮಾಡಿದ್ದು, ನಾನೇ ಮಾಡಿದ್ದು ಎಂದು ತೋರಿಸಿದರು. ಗುಜರಿಯವನು ಮೋಸ ಮಾಡಿ ಕಣ್ಣು ಕಳೆದ ಕಥೆಯನ್ನೂ ಹೇಳಿದರು. ಒಬ್ಬ ಹುಡುಗಿ ಕೆಳಗಿನ ಡೈ ಮುಟ್ಟಿ, “ಇದೂ ಅವ್ರ ಹತ್ರ ತಂದಿದ್ದಾ ಅಂಕಲ್?” ಅಂದಳು. ಇವರು ನನ್ನ ಕಡೆ ನೋಡಲಿಲ್ಲ. “ಇಲ್ಲಮ್ಮ, ಇದು ಬೇರೆ” ಅಂದರು.

ಅದೇ ಆಕ್ಸಲ್ ಎಂದು ಒಪ್ಪಿದರೆ ಉಕ್ಕಿನ ಮೇಲಿನ ದೂರು ನಿಲ್ಲುವುದಿಲ್ಲ, ಅದಕ್ಕೇ ಆ ಸುಳ್ಳು. ಅಂದರೆ ಗೊತ್ತಿತ್ತು. ಉಕ್ಕು ಒಳ್ಳೆಯದೆಂದು ಇಷ್ಟು ವರ್ಷವೂ ಗೊತ್ತಿತ್ತು. ಹೆಂಡತಿಯ ಕೈ ಕೆಲಸ ಎಂದು ಹೇಳುವುದಕ್ಕಿಂತ ಒಬ್ಬ ಬಡಪಾಯಿಯನ್ನು ಊರು ಬಿಡಿಸುವುದು ಸುಲಭವಾಗಿ ಕಂಡಿತು ಇವರಿಗೆ. ಎಂಥ ಮನುಷ್ಯರಪ್ಪಾ! ಹಾಗೆ ಬೈದುಕೊಳ್ಳುವಾಗಲೇ ನನ್ನ ಬಾಯಿಗೆ ಅವತ್ತಿನ ನನ್ನದೇ ಮಾತು ಬಂದು ಅಡ್ಡ ನಿಂತಿತು — ‘ಆಯ್ತು’.

ಬಂದವರು ಹೋದಮೇಲೆ ಯಜಮಾನರಿಗೆ ಎಲ್ಲ ಹೇಳಿದೆ. ಹದ ತಪ್ಪಿದ್ದು ಅವರಿಗೆ ಗೊತ್ತಿತ್ತು. ಬೇಕೆಂದೇ ತಪ್ಪಿಸಿದ್ದು ಗೊತ್ತಿರಲಿಲ್ಲ. ಅವರ ಕೈ ತಾನಾಗಿ ಆ ಕಣ್ಣಿನ ಮೇಲೆ ಹೋಯಿತು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. “ಬೇಕು ಅಂತಾನಾ?” ಎಂದು ಒಂದೇ ಮಾತು ಕೇಳಿದರು. ಅಂದಿನಿಂದ ನಾನು ಕೊಟ್ಟ ಕಾಫಿ ಕುಡಿಯುವುದಿಲ್ಲ. ಕುಡಿಯಲೇಬೇಕು ಎನ್ನುವ ಹಕ್ಕು ನನಗಿಲ್ಲ.

ಆಮೇಲೆ ಬಸ್ಸು ಹತ್ತಿ ಮಾಕಳಿಗೆ ಹೋದೆ. ಮುರುಗೇಶಣ್ಣ ಮಗನ ಪಂಚರ್ ಅಂಗಡಿಯ ಮುಂದೆ ಕೂತಿದ್ದ. ತುಂಬ ಸೊರಗಿದ್ದಾನೆ. ಚೀಲದಿಂದ ಕೆಳಗಿನ ಡೈ ತೆಗೆದು ಅವನ ಮುಂದಿಟ್ಟು, ಎಲ್ಲ ಹೇಳಿ ಕೈ ಮುಗಿದೆ. ಅವನು ಡೈಯ ಕುಳಿಯಲ್ಲಿ ಬೆರಳು ಆಡಿಸಿದ. ಚೆನ್ನಾಗಿದೆ ಅನ್ನಲಿಲ್ಲ, ಕ್ಷಮಿಸಿದೆ ಅನ್ನಲಿಲ್ಲ.

“ನಂಗ್ಯಾಕಮ್ಮಾ ಹೇಳ್ತೀಯಾ?” ಅಂದ. “ನಂಗೆ ಅವತ್ತೇ ಗೊತ್ತಿತ್ತು. ಅಲ್ಲಿ ಹೇಳೋಗು.”

ಡೈಯನ್ನು ನನ್ನ ಕಡೆ ತಳ್ಳಿ, ಒಳಗೆ ಎದ್ದುಹೋದ.

ಅದಕ್ಕೇ ಅವನನ್ನು ಎಳೆದು ತಂದಿದ್ದ ಅರಳಿಕಟ್ಟೆಯ ಮುಂದೆಯೇ ಬಂದು ನಿಂತಿದ್ದೇನೆ. ಡೈ ಇಲ್ಲೇ ಕಟ್ಟೆಯ ಮೇಲಿದೆ. ಅನುಮಾನವಿದ್ದವರು ಮುಟ್ಟಿ ನೋಡಬಹುದು. ಅವನ ಕತ್ತಿನ ಪಟ್ಟಿ ಹಿಡಿದವರಲ್ಲಿ ಕೆಲವರು ಈಗಿಲ್ಲ, ಇರುವವರು ತಲೆ ತಗ್ಗಿಸಬೇಡಿ. ಹದ ಹಾಕಿದವರನ್ನು ಕೇಳಿ ಎಂದು ಅವನು ಅವತ್ತೇ ನಿಮಗೆ ಹೇಳಿದ್ದ.

ಹದ ಹಾಕಿದವಳು ನಾನು. ಈಗ ಕೇಳಿ.